ಬ್ರೆಡ್ಡಿನ ಮಷೀನಿಗೆ ಜೋಳದ ಹಿಟ್ಟು

ಶಿರಹಟ್ಟಿಯ ಆ ಓಣಿಯಲ್ಲಿ ಫಕ್ಕೀರವ್ವನ ರೊಟ್ಟಿಗೆ ಇದ್ದಷ್ಟು ಹೆಸರು ಓಣಿಯ ಗುಡಿಗೂ ಇರಲಿಲ್ಲ. ಅವಳು ಬಡಿದ ಜೋಳದ ರೊಟ್ಟಿ ಹಂಚಿನಷ್ಟು ಅಗಲ, ಎಲೆಯಷ್ಟು ತೆಳು, ಅಂಚಿನಲ್ಲಿ ಒಂದು ಬಿರುಕು ಹುಡುಕಿದರೂ ಸಿಗದು. ಹೊಸ ಸೊಸೆ ಬಂದ ಮನೆಯಲ್ಲೆಲ್ಲ ಅತ್ತೆಯಂದಿರು, “ರೊಟ್ಟಿ ಬಡದ್ರ ಫಕ್ಕೀರವ್ವನಂಗ ಬಡೀಬೇಕು” ಎಂದು ಹೇಳಿ ಹೇಳಿ, ಆ ಸೊಸೆಯಂದಿರೆಲ್ಲ ಫಕ್ಕೀರವ್ವನನ್ನು ಒಳಗೊಳಗೇ ಬೈದುಕೊಳ್ಳುವುದೂ ರೂಢಿಯಾಗಿತ್ತು. ಅದೂ ಅವಳಿಗೆ ಗೊತ್ತಿತ್ತು. ಬೈಸಿಕೊಳ್ಳುವಷ್ಟು ಹೆಸರಿದೆಯಲ್ಲ ಎಂದು ಹಿಗ್ಗುವ ಜಾತಿ ಅವಳು.

ಹಿಗ್ಗಿದವರು ಕುಗ್ಗಲೇಬೇಕು ಅನ್ನುವುದನ್ನು ದೊಡ್ಡವರು ಸುಮ್ಮನೆ ಹೇಳಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಫಕ್ಕೀರವ್ವನ ಬಲಗೈಯ ಮಣಿಕಟ್ಟು ಹಿಡಿದುಕೊಂಡಿತು. ಬಡಿಯುವುದೇನೋ ಅಂಗೈ ಬೀಸಿನಲ್ಲಿ ಹೇಗೋ ಆಗುತ್ತಿತ್ತು. ಆದರೆ ಎಸರು ಹೊಯ್ದ ಬಿಸಿ ಹಿಟ್ಟನ್ನು ಪರಾತದಲ್ಲಿ ಒತ್ತಿ ಒತ್ತಿ ನಾದುವಾಗ ಮೊಳಕೈತನಕ ಜೀವ ಹೋಗುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಕೈ ಬಾತ ದಿನ ಸೆರಗಿನೊಳಗೆ ಮುಚ್ಚಿಟ್ಟುಕೊಂಡು ತಿರುಗಿದಳು. ಮಗ ಹೊನ್ನೇಶನಿಗೆ ಹೇಳಲಿಲ್ಲ, ಸೊಸೆ ರೇಷ್ಮಾಗೆ ಹೇಳಲಿಲ್ಲ. ಎದುರು ಮನೆಯ ಜನ್ನತಬಿಗೂ ಹೇಳಲಿಲ್ಲ.

ಜನ್ನತಬಿಗೆ ಹೇಳಲಿಲ್ಲ ಅನ್ನುವುದೇ ದೊಡ್ಡದು. ಇಬ್ಬರೂ ಆ ಓಣಿಗೆ ಒಂದೇ ವರ್ಷ ಮದುವೆಯಾಗಿ ಬಂದವರು. ಒಬ್ಬಳ ಬಾಣಂತನದಲ್ಲಿ ಇನ್ನೊಬ್ಬಳು ನೀರು ಕಾಯಿಸಿದವಳು. ಇವಳ ಮನೆಯ ಹೋಳಿಗೆ ಅಲ್ಲಿಗೆ, ಅವಳ ಮನೆಯ ಶೀರಕುರ್ಮಾ ಇಲ್ಲಿಗೆ. ಆ ಓಣಿಯಲ್ಲಿ ತಾಟಿಗೊಂದು ಕಾನೂನಿತ್ತು. ಯಾರ ಮನೆಯ ತಾಟೂ ಖಾಲಿ ಮರಳಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಅದೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಿನಕಾಯಿ. ಖಾಲಿ ತಾಟು ಕಳಿಸಿದರೆ ಮಾತು ಬಿಟ್ಟ ಹಾಗೆ.

ಇಂಥ ಮನೆಗೆ ಬ್ರೆಡ್ಡಿನ ಮಷೀನು ಬಂದದ್ದು ಹೊನ್ನೇಶನ ಟೆಂಪೋದಲ್ಲಿ. ಹುಬ್ಬಳ್ಳಿಯಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದರು. ಸಾಮಾನು ಹೇರಲು ಹೋದ ಇವನಿಗೆ, ನಮಗೆ ಬೇಡ, ಬೇಕಾದರೆ ಒಯ್ಯಿರಿ ಎಂದು ಕೊಟ್ಟರಂತೆ. ನೋಡಲು ಒಂದು ಬಿಳಿಯ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೊಂದು ಕರಿಯ ಡಬ್ಬಿ, ಡಬ್ಬಿಯ ತಳದಲ್ಲಿ ಹೆಬ್ಬೆರಳಿನಷ್ಟು ಒಂದು ರೆಕ್ಕೆ. ನೀರು, ಹಿಟ್ಟು, ಈಸ್ಟು ಹಾಕಿ ಗುಂಡಿ ಒತ್ತಿದರೆ ಆ ರೆಕ್ಕೆ ತಿರುಗಿ ತಿರುಗಿ ಹಿಟ್ಟು ನಾದುತ್ತದೆ, ಆಮೇಲೆ ಪೆಟ್ಟಿಗೆ ತಾನೇ ಕಾದು ಬ್ರೆಡ್ಡು ಬೇಯಿಸುತ್ತದೆ.

ರೇಷ್ಮಾ ಆ ಮಷೀನನ್ನು ಕೂಸಿನಂತೆ ನೋಡಿಕೊಂಡಳು. ಮೊಬೈಲಿನಲ್ಲಿ ನೋಡಿ ನೋಡಿ ಅದರ ಸ್ವಭಾವ ಕಲಿತಳು. ಡಬ್ಬಿಯನ್ನು ಮೆತ್ತನೆಯ ಬಟ್ಟೆಯಲ್ಲೇ ಒರೆಸಬೇಕು, ತಂತಿಬ್ರಷ್ಷು ಬೂದಿ ತಾಗಿಸಬಾರದು. ಡಬ್ಬಿಯ ತಳವನ್ನು ನೀರಲ್ಲಿ ಮುಳುಗಿಸಬಾರದು, ಅಲ್ಲಿರುವ ರಬ್ಬರಿನ ಉಂಗುರ ಸಡಿಲಾದರೆ ನೀರು ಕೆಳಗಿಳಿಯುತ್ತದೆ. ರೆಕ್ಕೆಯ ತೂತಿನಲ್ಲಿ ಹಿಟ್ಟು ಉಳಿದರೆ ಕಡ್ಡಿಯಿಂದ ತೆಗೆಯಬೇಕು. ಇದೆಲ್ಲವನ್ನೂ ಅತ್ತೆಗೆ ಎರಡೆರಡು ಸಲ ಹೇಳಿದ್ದಳು.

“ನಿನ್ನ ಮಷೀನ ಯಾರ ಮುಟ್ಟತಾರವಾ,” ಎಂದಿದ್ದಳು ಫಕ್ಕೀರವ್ವ. “ಹತ್ತಿ ತಿಂದಂಗ ಆಕ್ಕೈತಿ ಆ ಬ್ರೆಡ್ಡ. ಕೈಯಾಗ ಕಸುವು ಇಲ್ಲದವರಿಗೆ ಬೇಕು ಅದು.”

ಆಡಿದ್ದು ಈ ಮಾತು. ಮಾಡಿದ್ದು ಬೇರೆ. ರೇಷ್ಮಾ ಮಧ್ಯಾಹ್ನ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು. ಒಂದು ದಿನ ಮಣಿಕಟ್ಟು ತೀರಾ ಹಟ ಹಿಡಿದಾಗ ಫಕ್ಕೀರವ್ವ ಬಾಗಿಲಿಗೆ ಅಗಳಿ ಹಾಕಿ, ಕರಿ ಡಬ್ಬಿಗೆ ಎರಡು ಹಿಡಿ ಜೋಳದ ಹಿಟ್ಟು ಹಾಕಿ, ಎಸರು ಹೊಯ್ದು, ಗುಂಡಿ ಒತ್ತಿದಳು. ರೆಕ್ಕೆ ಗರಗರ ತಿರುಗಿತು. ಹಿಟ್ಟು ನಾದಿತು. ಅವಳ ಕಣ್ಣಲ್ಲಿ ನೀರು ಬಂದದ್ದು ಸಂತೋಷಕ್ಕೋ ಅವಮಾನಕ್ಕೋ ಅವಳಿಗೇ ತಿಳಿಯಲಿಲ್ಲ. ಅಂದಿನಿಂದ ಅದೇ ನಡೆಯಿತು. ಮಷೀನು ನಾದುವುದು, ಇವಳು ಬಡಿಯುವುದು, ಊರು ಹೊಗಳುವುದು. “ಈ ವಯಸ್ಸಿನಾಗೂ ಏನ ಕೈ ನಿಂದು” ಎಂದು ಜನ್ನತಬಿ ಅಂದಾಗ, ಫಕ್ಕೀರವ್ವ ನಕ್ಕು ಸೆರಗು ಎಳೆದುಕೊಂಡಳು.

ಶ್ರಾವಣ ಬಂತು. ನಾಗರ ಪಂಚಮಿಗೆ ಮುಂಚೆ ಆ ಕಡೆ ರೊಟ್ಟಿ ಪಂಚಮಿ ಎಂದು ಮಾಡುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಗುರೆಳ್ಳು ಚಟ್ನಿ, ಎಲ್ಲವನ್ನೂ ತಾಟಿಗಿಟ್ಟು, ಮೇಲೊಂದು ಬಟ್ಟೆ ಮುಚ್ಚಿ, ಮನೆಮನೆಗೆ ಕೊಟ್ಟು ಬರುವುದು. ಜಾತಿ ಪಾತಿ ನೋಡುವಂತಿಲ್ಲ. ಕಡಕ್ ರೊಟ್ಟಿಗಳನ್ನು ಮುಂಚಿತವಾಗಿಯೇ ಬಡಿದು ಒಣಗಿಸಿಡಬೇಕು. ಆ ಶುಕ್ರವಾರ ಮಧ್ಯಾಹ್ನ ಫಕ್ಕೀರವ್ವ ಆಸೆಗೆ ಬಿದ್ದಳು. ಒಂದೇ ಸಲಕ್ಕೆ ಆಗಿಹೋಗಲಿ ಎಂದು ಡಬ್ಬಿಯ ತುಂಬ ಹಿಟ್ಟು ಸುರುವಿದಳು.

ಮಷೀನು ಮೊದಲು ನರಳಿತು. ಆಮೇಲೆ ರಬ್ಬರು ಸುಟ್ಟ ವಾಸನೆ ಬಂತು. ರೆಕ್ಕೆ ನಿಂತಿತು, ಒಳಗೆ ಬರೀ ಗುಂಯ್ ಎನ್ನುವ ಸದ್ದು. ಡಬ್ಬಿ ಎತ್ತಿ ನೋಡಿದರೆ ಬಿಸಿ ಅಂಬಲಿಯಂಥದ್ದು ತಳದಿಂದ ಸೋರಿ ಪೆಟ್ಟಿಗೆಯೊಳಗೆ ಇಳಿಯುತ್ತಿತ್ತು. ಫಕ್ಕೀರವ್ವ ಹಿಟ್ಟು ಕೆರೆದು ತೆಗೆದು ಎಮ್ಮೆಯ ಬಾನಿಗೆ ಹಾಕಿದಳು. ಕರಿ ಡಬ್ಬಿಯನ್ನು ಬಚ್ಚಲಿಗೆ ಒಯ್ದು, ಜೀವಮಾನವಿಡೀ ಪಾತ್ರೆ ಬೆಳಗಿದ ಹಾಗೆ ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದಳು. ಕಪ್ಪು ಹೋಗಿ ಅಲ್ಲಲ್ಲಿ ಬೆಳ್ಳಗೆ ಹೊಳೆಯಿತು. ಸ್ವಚ್ಛವಾಯಿತೆಂದು ಅವಳಿಗೆ ಸಮಾಧಾನ. ಎಲ್ಲ ಮೊದಲಿದ್ದ ಹಾಗೆ ಇಟ್ಟು ಬಟ್ಟೆ ಮುಚ್ಚಿದಳು.

ಸಂಜೆ ರೇಷ್ಮಾ ಗುಂಡಿ ಒತ್ತಿದಳು. ಗುಂಯ್ ಎಂದಿತೇ ಹೊರತು ರೆಕ್ಕೆ ಅಲುಗಲಿಲ್ಲ. ಡಬ್ಬಿ ತೆಗೆದು ನೋಡಿ ಅವಳ ಮುಖ ಬಾಡಿತು.

“ಇದರ ಲೇಪ ಎಲ್ಲಾ ಕಿತ್ತೈತ್ರಿ ಅತ್ತಿ. ಯಾರೋ ಬೂದಿ ಹಚ್ಚಿ ತಿಕ್ಯಾರ.”

ಒಲೆಯ ಮುಂದೆ ಕೂತಿದ್ದ ಫಕ್ಕೀರವ್ವ ತಲೆ ಎತ್ತಲಿಲ್ಲ. ಆಗ ಬಾಯಿಂದ ಒಂದು ಮಾತು ಬಂತು. ಅದನ್ನು ಅವಳು ಮೊದಲೇ ಕಟ್ಟಿಟ್ಟುಕೊಂಡಿರಲಿಲ್ಲ. ಆದರೆ ಬಂದ ಮೇಲೆ ನುಂಗಿಕೊಳ್ಳಲೂ ಇಲ್ಲ.

“ನಿನ್ನಿ ಜನ್ನತಬಿ ಒಯ್ದಿದ್ಲಲ್ಲ.”

ಸುಳ್ಳೆನ್ನುವಂತಿಲ್ಲ. ಗುರುವಾರ ಸಂಜೆ ಜನ್ನತಬಿ ಮಷೀನು ಒಯ್ದದ್ದು ನಿಜ. ಅವಳ ಗಂಡನಿಗೆ ಹಲ್ಲಿಲ್ಲ, ರೊಟ್ಟಿ ಆಗುವುದಿಲ್ಲ, ಮೆತ್ತನೆಯ ಬ್ರೆಡ್ಡನ್ನು ಹಾಲಲ್ಲಿ ಅದ್ದಿ ತಿನ್ನುತ್ತಿದ್ದ. ಶುಕ್ರವಾರ ಬೆಳಿಗ್ಗೆ ಒರೆಸಿ ಒಪ್ಪವಾಗಿ ತಂದು ಕೊಟ್ಟಿದ್ದಳು. ಫಕ್ಕೀರವ್ವನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಇಡೀ ಮಾತು ಸುಳ್ಳಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ರೇಷ್ಮಾ ಕೆಟ್ಟವಳಲ್ಲ. ಆದರೆ ಹೊಟ್ಟೆಯಲ್ಲಿಟ್ಟುಕೊಳ್ಳುವವಳೂ ಅಲ್ಲ. ಮರುದಿನ ನಳದ ಹತ್ತಿರ ಜನ್ನತಬಿಯನ್ನು ಕಂಡು ಕೇಳಿಯೇಬಿಟ್ಟಳು.

“ಚಾಚಿ, ಮಷೀನದಾಗ ಬ್ಯಾರೆ ಏನರೆ ಹಾಕಿದ್ರೇನು? ಬೂದಿಲೆ ತಿಕ್ಕೀರೇನು?”

“ಗೋಧಿ ಹಿಟ್ಟ ಬಿಟ್ರ ಮತ್ತೇನೂ ಹಾಕಿಲ್ಲವಾ. ಬೂದಿನೂ ಮುಟ್ಟಿಸಿಲ್ಲ. ನೀ ಹೇಳಿದಂಗ ಬಟ್ಟಿಲೆ ಒರಸೇನಿ,” ಎಂದಳು ಜನ್ನತಬಿ. ಸುತ್ತ ಕೊಡ ಹಿಡಿದು ನಿಂತವರು ಕೇಳುತ್ತಿದ್ದರು. “ನಾ ಕೆಡಿಸೀನಿ ಅಂತ ಯಾರ ಹೇಳಿದ್ರ ನಿನಗ?”

“ಅತ್ತಿ ಅಂದ್ರು, ನೀವು ಒಯ್ದಿದ್ರಿ ಅಂತ.”

ಅಂದು ಮಧ್ಯಾಹ್ನ ಜನ್ನತಬಿಯ ಮೊಮ್ಮಗಳು ಫಕ್ಕೀರವ್ವನ ಮನೆಯ ತಾಟು ತಂದು ಕಟ್ಟೆಯ ಮೇಲಿಟ್ಟು ಹೋಯಿತು. ಹಿಂದಿನ ವಾರ ಉಂಡೆ ಹಾಕಿ ಕಳಿಸಿದ್ದ ತಾಟು. ತೊಳೆದಿತ್ತು, ಒರೆಸಿತ್ತು, ಖಾಲಿ ಇತ್ತು. ಫಕ್ಕೀರವ್ವ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಹೋಗಿ ಹೇಳಿಬಿಡಬೇಕೆಂದು ಹೊಸ್ತಿಲ ತನಕ ಬಂದಳು. ಹೇಳಿದರೆ ಮಷೀನಿನ ಮಾತು ಬರುತ್ತದೆ, ಮಷೀನಿನ ಮಾತು ಬಂದರೆ ಕೈಯ ಮಾತು ಬರುತ್ತದೆ, ಫಕ್ಕೀರವ್ವನ ರೊಟ್ಟಿಯನ್ನು ನಾದುತ್ತಿದ್ದುದು ಮಷೀನು ಎಂದು ಓಣಿಯೆಲ್ಲ ನಗುತ್ತದೆ. ಹೊಸ್ತಿಲಿಂದಲೇ ಹೊರಳಿದಳು. ತನ್ನ ಹೆಸರು ಉಳಿಸಿಕೊಳ್ಳಲು ಗೆಳತಿಯ ಹೆಸರು ಮಾರಿದೆ ಎಂದು ಅವಳಿಗೆ ಅರ್ಥವಾಗದೆ ಇರಲಿಲ್ಲ. ಚೆನ್ನಾಗಿ ಅರ್ಥವಾಗಿತ್ತು. ಅದಕ್ಕೇ ರಾತ್ರಿ ಅನ್ನ ಸೇರಲಿಲ್ಲ.

ಜನ್ನತಬಿಯೂ ಸುಮ್ಮನೆ ಕೂರುವ ಹೆಣ್ಣಲ್ಲ. ಲಕ್ಷ್ಮೇಶ್ವರದಲ್ಲಿ ಹೊಲಿಗೆ ಮಷೀನು ರಿಪೇರಿ ಮಾಡುವ ತನ್ನ ಅಣ್ಣನ ಮಗ ಅಲ್ಲಾಉದ್ದೀನನನ್ನು ಕರೆಸಿದಳು. ಭಾನುವಾರ ಅವನನ್ನು ಮುಂದೆ ಮಾಡಿಕೊಂಡು ಫಕ್ಕೀರವ್ವನ ಪಡಸಾಲೆಗೆ ಬಂದು ನಿಂತಳು. ಕುಂಡ್ರು ಅಂದರೂ ಕೂರಲಿಲ್ಲ.

“ಬಿಚ್ಚಿ ನೋಡಲಿ. ನನ್ನ ಕೈಯಾಗ ಕೆಟ್ಟಿದ್ರ ನಾನ ರಿಪೇರಿ ಮಾಡಸ್ತೀನಿ,” ಎಂದಳು ರೇಷ್ಮಾಗೆ. ಫಕ್ಕೀರವ್ವನ ಕಡೆ ನೋಡಲಿಲ್ಲ.

ಅಲ್ಲಾಉದ್ದೀನ ಚಾಪೆಯ ಮೇಲೆ ಹಳೆಯ ಪೇಪರು ಹಾಸಿ, ಮಷೀನನ್ನು ಬೋರಲು ಹಾಕಿ ತಳದ ತಿರುಪು ಬಿಚ್ಚಿದ. ಹೊನ್ನೇಶ ಮೊಬೈಲಿನ ಬೆಳಕು ಹಿಡಿದ. ಫಕ್ಕೀರವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ತಳದ ತಗಡು ಬರುತ್ತಲೇ ಹಲ್ಲುಹಲ್ಲಿನ ಒಂದು ಸಣ್ಣ ಬೆಲ್ಟು ಕಂಡಿತು. ಅರ್ಧ ಹಲ್ಲು ಸವೆದು ನಯವಾಗಿದ್ದವು.

“ಬೆಲ್ಟ ಹೋಗೇತಿ. ಇದು ತಡಿಯೋದಕ್ಕಿಂತ ಹೆಚ್ಚ ಭಾರ ಹಾಕ್ಯಾರ,” ಎಂದ. ಆಮೇಲೆ ರೆಕ್ಕೆಯ ಸರಳನ್ನು ಬೆರಳಿಂದ ತಿರುಗಿಸಲು ನೋಡಿದ. ಅಲುಗಲಿಲ್ಲ. ದಪ್ಪ ಸೂಜಿಯಿಂದ ಸರಳಿನ ಸುತ್ತ ಕೆದಕಿದ. ಬೂದುಬಿಳುಪಿನ ಗಟ್ಟಿ ಚೂರುಗಳು ಪೇಪರಿನ ಮೇಲೆ ಉದುರಿದವು. ಒಂದನ್ನು ಎತ್ತಿ ಬೆರಳಲ್ಲಿ ಪುಡಿ ಮಾಡಿ ಮೂಸಿದ.

“ಇದು ಗೋಧಿ ಅಲ್ರಿ. ಜೋಳದ ಹಿಟ್ಟು. ಕುದಿನೀರಾಗ ಕಲಸಿದ್ದು. ರಬ್ಬರ ಉಂಗರ ಸುಟ್ಟು, ಹಿಟ್ಟೆಲ್ಲಾ ಕೆಳಗ ಇಳದೈತಿ.” ಅವನಿಗೆ ನಗು ಬಂತು. “ಯಾರ ಪುಣ್ಯಾತ್ಮರು ಬ್ರೆಡ್ಡಿನ ಮಷೀನಕ್ಕ ಜೋಳದ ಹಿಟ್ಟ ತಿನಸಿದ್ರು?”

ರೇಷ್ಮಾ ಜನ್ನತಬಿಯತ್ತ ತಿರುಗಿದಳು. ಗೋಧಿ ಬಿಟ್ಟು ಬೇರೇನೂ ಹಾಕಿಲ್ಲ ಎಂದು ನಳದ ಹತ್ತಿರ ಹೇಳಿದವಳು ಇವಳೇ. ಆ ನೋಟದಲ್ಲಿ ಸಿಟ್ಟಿಗಿಂತ ಬೇಸರವಿತ್ತು.

ಜನ್ನತಬಿ ಸೊಸೆಯನ್ನು ನೋಡಲಿಲ್ಲ, ಅತ್ತೆಯನ್ನು ನೋಡಿದಳು. ಮೊದಲು ಮುಖ, ಆಮೇಲೆ ಸೆರಗಿನೊಳಗೆ ಹುದುಗಿದ್ದ ಬಲಗೈ. ಅಷ್ಟೇ. ಅವಳಿಗೆ ತಿಳಿದುಹೋಯಿತು. ನಾನಲ್ಲ ಎಂದು ಆಗಲೇ ಅಂದಿದ್ದರೆ ಆ ಮನೆಯಲ್ಲಿ ಜೋಳದ ಹಿಟ್ಟು ನಾದುವವಳು ಉಳಿಯುವುದು ಫಕ್ಕೀರವ್ವ ಒಬ್ಬಳೇ. ಅದಕ್ಕೇ ಅವಳು ಅನ್ನಲಿಲ್ಲ. ಕಾದಳು. ಹೇಳುವುದಾದರೆ ನೀನೇ ಹೇಳು ಎಂದು ಬಾಗಿಲಿಗೆ ಒರಗಿದವಳಿಗೆ ಜಾಗ ಬಿಟ್ಟು ಕಾದಳು.

ಫಕ್ಕೀರವ್ವನಿಂದ ಒಂದು ಮಾತು ಸಾಕಿತ್ತು.

“ಚಾ ಮಾಡ್ತೀನಿ,” ಎಂದು ಒಳಗೆ ಹೋದಳು.

ಚಹಾ ತಂದಾಗ ಜನ್ನತಬಿ ಇರಲಿಲ್ಲ. ಅವಳ ಪಾಲಿನ ಚಹಾ ಕಟ್ಟೆಯ ಮೇಲೆ ಕೆನೆಗಟ್ಟಿತು. ಅಲ್ಲಾಉದ್ದೀನ ಮಷೀನನ್ನು ಚೀಲಕ್ಕೆ ಹಾಕಿಕೊಳ್ಳುತ್ತ, ಬೆಲ್ಟು ಗದಗ-ಬೆಟಗೇರಿಯಿಂದ ತರಿಸುವುದಾಗಿಯೂ, ಇನ್ನು ಮುಂದೆ ಜೋಳದ ಹಿಟ್ಟು ತೋರಿಸಲೂಬಾರದೆಂದೂ ಹೇಳಿ ಹೋದ. ಎಲ್ಲರಿಗೂ ಕೇಳಿಸುವಂತೆ ಹೇಳಿದ. ಫಕ್ಕೀರವ್ವನೂ ಎಲ್ಲರ ಹಾಗೆ ತಲೆ ಆಡಿಸಿದಳು. ಆ ತಲೆ ಆಡಿಸಿದ್ದು ನೆನಪಾದಾಗಲೆಲ್ಲ ಅವಳಿಗೆ ತನ್ನ ಮುಖಕ್ಕೆ ತಾನೇ ಉಗುಳಬೇಕೆನ್ನಿಸುತ್ತಿತ್ತು.

ರೊಟ್ಟಿ ಪಂಚಮಿಯ ಹಿಂದಿನ ದಿನ ಮಷೀನು ಸರಿಯಾಗಿ ಬಂತು. ಹೊಸ ಬೆಲ್ಟು, ಹೊಸ ಉಂಗುರ. ಗೀರು ಬಿದ್ದ ಡಬ್ಬಿಗೆ ಮಾತ್ರ ಏನೂ ಮಾಡಲು ಬರಲಿಲ್ಲ, ಪ್ರತಿ ಸಲ ತುಸು ಎಣ್ಣೆ ಸವರಿಕೊಳ್ಳಿ ಎಂದಿದ್ದ. ಸಂಜೆ ರೇಷ್ಮಾ ಬ್ರೆಡ್ಡು ಮಾಡಿದಳು. ತಳ ಸ್ವಲ್ಪ ಹತ್ತಿಕೊಂಡರೂ ಚೆನ್ನಾಗಿಯೇ ಉಬ್ಬಿತ್ತು. ಅದರಲ್ಲಿ ಅರ್ಧ ಕೊಯ್ದು ಬೇರೆ ಇಟ್ಟಳು.

“ಇದು ಚಾಚಾಗ ಇರ್ಲಿ. ಚಾಚಿ ಸುಳ್ಳ ಹೇಳಿದ್ರ ಪಾಪ ಆ ಮುದುಕಪ್ಪ ಏನ ಮಾಡ್ಯಾನ?”

ಸುಳ್ಳ ಹೇಳಿದ್ರ. ಇಷ್ಟು ವರ್ಷ ಜನ್ನತಬಿಯ ಬಗ್ಗೆ ಆ ಮನೆಯಲ್ಲಿ ಯಾರೂ ಅನ್ನದ ಮಾತು. ಅದನ್ನು ರೇಷ್ಮಾ ಅಷ್ಟು ಸಲೀಸಾಗಿ, ಕನಿಕರದಿಂದ ಅಂದಳು. ಬೈದಿದ್ದರೂ ಫಕ್ಕೀರವ್ವ ತಡೆದುಕೊಳ್ಳುತ್ತಿದ್ದಳೇನೋ. ಆ ಕನಿಕರ ಅವಳನ್ನು ಸುಟ್ಟಿತು.

ಬೆಳಿಗ್ಗೆ ಅವಳು ಮಷೀನಿನ ಕಡೆ ನೋಡದೆ ಪರಾತ ಎಳೆದುಕೊಂಡಳು. ಎಸರು ಹೊಯ್ದು, ತುಟಿ ಕಚ್ಚಿ ನಾದಿದಳು. ಅರ್ಧಕ್ಕೇ ಕೈ ಸೋತಿತು. ಸರಿಯಾಗಿ ನಾದದ ಹಿಟ್ಟು ಯಾರ ಮಾತೂ ಕೇಳುವುದಿಲ್ಲ. ಬಡಿದ ರೊಟ್ಟಿಗಳ ಅಂಚು ಸೀಳಿತು, ಒಂದು ನಡುವೆಯೇ ಹರಿಯಿತು, ಒಂದು ಹಂಚಿಗೆ ಹಾಕುವಾಗ ಮುರಿಯಿತು. ರೇಷ್ಮಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅತ್ತಿ, ನಿಮ್ಮ ಕೈ ಬಾತೈತ್ರಿ.”

“ಹೌದವಾ,” ಎಂದಳು ಫಕ್ಕೀರವ್ವ. ಅದೊಂದೇ ಮಾತು. ಅವೇ ರೊಟ್ಟಿಗಳನ್ನು ತಾಟಿಗೆ ಹಾಕಿಕೊಂಡಳು. ಖಾಲಿ ಮರಳಿ ಬಂದಿದ್ದ ಅದೇ ತಾಟು. ಪಲ್ಯ ಚಟ್ನಿ ಇಟ್ಟಳು. ಮುಚ್ಚಲು ತೆಗೆದ ಬಟ್ಟೆಯನ್ನು ಮಡಚಿ ಗೂಟಕ್ಕೆ ಹಾಕಿ, ತೆರೆದ ತಾಟನ್ನೇ ಹಿಡಿದು ಹೊರಟಳು.

ಜನ್ನತಬಿಯ ಮನೆ ಎದುರಿಗೇ ಇತ್ತು, ಆದರೆ ಆ ಹೊತ್ತಿಗೆ ಓಣಿಯ ಹೆಂಗಸರೆಲ್ಲ ತಾಟು ಹಿಡಿದು ಬೀದಿಯಲ್ಲಿದ್ದರು. ಎಲ್ಲರ ಕಣ್ಣೂ ಫಕ್ಕೀರವ್ವನ ತಾಟಿನ ಮೇಲೆ. ಮೂಲೆಮನೆಯ ಮಾಳವ್ವ ಹತ್ತಿರ ಬಂದು ಬಗ್ಗಿ ನೋಡಿದಳು.

“ಏನಬೇ ಇವು? ಈ ಸಲ ಸೊಸಿ ಬಡದಾಳೇನು?”

ಎಂಥ ಸಲೀಸಾದ ದಾರಿ. ಹೂಂ ಅಂದರೆ ಮುಗಿಯಿತು, ಮಾಳವ್ವನೂ ನಗುತ್ತಾಳೆ, ಹೆಸರೂ ಉಳಿಯುತ್ತದೆ. ಫಕ್ಕೀರವ್ವನ ಬಾಯಿ ಹೂಂ ಅನ್ನಲು ತೆರೆದೂ ಆಗಿತ್ತು.

“ನಾನ ಬಡದೇನಿ,” ಎಂದಳು. “ನನ್ನ ಕೈ ಹೋಗೇತಿ.”

ಮಾಳವ್ವ ದಾರಿ ಬಿಟ್ಟಳು. ಜನ್ನತಬಿ ತನ್ನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಫಕ್ಕೀರವ್ವ ಮೆಟ್ಟಿಲ ಕೆಳಗೆ ನಿಂತು ತಾಟು ಚಾಚಿದಳು. ಜನ್ನತಬಿ ಹರಿದ ರೊಟ್ಟಿಯ ತುದಿ ಎತ್ತಿ ನೋಡಿ, ಅಲ್ಲೇ ಬಿಟ್ಟಳು.

“ರೊಟ್ಟಿ ತಂದಿ. ಮಾತು ತಂದಿಯೇನು?”

ಹಿಂದೆ ರೇಷ್ಮಾ ಅರ್ಧ ಬ್ರೆಡ್ಡು ಹಿಡಿದು ಬಂದು ನಿಂತಿದ್ದಳು. ನಾಲ್ಕು ಹೆಂಗಸರೂ ನಿಂತಿದ್ದರು. ಫಕ್ಕೀರವ್ವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲ ಬಾಯಿ ಬಿಡಲಿಲ್ಲ. ಅವಳೇ ಬಿಡಬೇಕಾಯಿತು.

“ಮಷೀನ ಕೆಡಿಸಿದಾಕಿ ನಾನು. ದಿನಾ ಅದರಾಗ ಜೋಳದ ಹಿಟ್ಟ ನಾದತಿದ್ದೆ. ಬೂದಿಲೆ ತಿಕ್ಕಿದಾಕಿನೂ ನಾನ. ನಿನ್ನ ಹೆಸರ ಹೇಳಿದ್ದು ನನ್ನ ಹೆಸರ ಉಳೀಲಿ ಅಂತ. ರೇಷ್ಮಾ, ಚಾಚಿ ಸುಳ್ಳ ಹೇಳಿಲ್ಲವಾ. ನಾ ಹೇಳೇನಿ.”

ರೇಷ್ಮಾ ತಲೆ ತಗ್ಗಿಸಿದಳು. ನಳದ ಹತ್ತಿರ ತಾನು ಕೇಳಿದ್ದು ಅವಳಿಗೆ ನೆನಪಾಗಿರಬೇಕು. “ತಪ್ಪಾತ್ರಿ ಚಾಚಿ,” ಎಂದು ಬ್ರೆಡ್ಡು ಮುಂದೆ ಹಿಡಿದಳು. ಜನ್ನತಬಿ ಅದನ್ನು ತೆಗೆದುಕೊಂಡು, ಅವಳ ತಲೆ ಸವರಿದಳು. ಆಮೇಲೆ ಫಕ್ಕೀರವ್ವನ ಬಲಗೈ ಹಿಡಿದು, ಬಾತ ಮಣಿಕಟ್ಟನ್ನು ತಿರುಗಿಸಿ ನೋಡಿದಳು. ನೋವಾಯಿತು. ಫಕ್ಕೀರವ್ವ ಕೈ ಎಳೆದುಕೊಳ್ಳಲಿಲ್ಲ.

“ನನ್ನ ಹೆಸರ ಹೇಳಿದ್ದು ಇರ್ಲಿ ಬಿಡು, ಅದನ್ನ ಮರತೇನು,” ಎಂದಳು ಜನ್ನತಬಿ. “ಕೈ ನೋಯ್ತೈತಿ ಅಂತ ಒಂದ ಮಷೀನಕ್ಕ ಹೇಳಿದಿ. ನನಗ ಹೇಳಲಿಲ್ಲ.”

ಜನ್ನತಬಿ ತಾಟು ತೆಗೆದುಕೊಂಡು ಒಳಗೆ ಹೊರಟವಳು, ಹೊಸ್ತಿಲಲ್ಲಿ ನಿಂತು ತಿರುಗದೆಯೇ ಅಂದಳು.

“ತಾಟು ಇವತ್ತ ಕೊಡಂಗಿಲ್ಲ. ಇನ್ನೂ ತುಂಬಿಕೊಡಾಕ ಮನಸ್ಸಿಲ್ಲ, ಖಾಲಿ ಕೊಡಾಕೂ ಮನಸ್ಸಿಲ್ಲ. ಇಲ್ಲೇ ಇರ್ಲಿ.”

ಫಕ್ಕೀರವ್ವ ಬರಿಗೈಯಲ್ಲಿ ಓಣಿ ದಾಟಿದಳು. ಹೆಂಗಸರು ನೋಡುತ್ತಿದ್ದರು. ಅವಳು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳಲಿಲ್ಲ.